ಸಿಟಿ ಬಸ್ಸಿಗೆ ಸ್ಟ್ರೋಲರ್ (ಮಗುವಿನ ತಳ್ಳುಗಾಡಿ) ತಗೊಂಡು ಹತ್ತಿದವರು ಯಾರಾದರೂ ಇದ್ದೀರಾ?

ಕಾವೂರು_ಅಮ್ಮ (ಪ್ರಶ್ನೆ ಹಾಕಿದವರು)

ನಮಸ್ಕಾರ ಎಲ್ಲರಿಗೂ. ಮಗಳಿಗೆ ಈಗ ಎಂಟೂವರೆ ತಿಂಗಳು. ಬೆಂಗಳೂರಿನಿಂದ ಮಂಗಳೂರಿಗೆ ಬಂದು ನಾಲ್ಕು ತಿಂಗಳಾಯ್ತು. ಗಂಡನಿಗೆ ಶಿಫ್ಟ್ ಕೆಲಸ, ಹಗಲು ಹೊತ್ತು ಎಲ್ಲಿಗೆ ಹೋಗುವುದಾದರೂ ನಾನು ಮತ್ತು ಮಗು ಇಬ್ಬರೇ. ವಾರಕ್ಕೆ ಎರಡು ಸಲ ಸುರತ್ಕಲ್‌ನಲ್ಲಿರುವ ಅಮ್ಮನ ಮನೆಗೆ, ನಡುವೆ ಹಂಪನಕಟ್ಟೆ ಹತ್ತಿರ ಮಕ್ಕಳ ಡಾಕ್ಟರ ಹತ್ತಿರ.

ತಮ್ಮ ಗಲ್ಫಿನಿಂದ ಬರುವಾಗ ಒಂದು ಸ್ಟ್ರೋಲರ್ ತಂದುಕೊಟ್ಟಿದ್ದಾನೆ. ಚಂದ ಇದೆ, ಚಾ ಲೋಟ ಇಡಲಿಕ್ಕೂ ಜಾಗ ಇದೆ. ತೂಕ ಹನ್ನೊಂದು ಕಿಲೋ.

ಮೊನ್ನೆ ಧೈರ್ಯ ಮಾಡಿ ಅದನ್ನು ತಳ್ಳಿಕೊಂಡು ಬಸ್ ಸ್ಟಾಪಿಗೆ ಹೋದೆ. ಮೊದಲನೇ ಬಸ್ ನಿಲ್ಲಿಸಲೇ ಇಲ್ಲ. ಡ್ರೈವರ್ ನೋಡಿದ್ದು ನನ್ನನ್ನಲ್ಲ, ಗಾಡಿಯನ್ನು. ಎರಡನೆಯದು ನಿಂತಿತು. ಕಂಡಕ್ಟರ್ ಬಾಗಿಲಲ್ಲೇ ನೇತಾಡುತ್ತಾ "ಅಕ್ಕಾ, ಮಡಚಿ ಮಡಚಿ, ಬೇಗ" ಅಂದರು. ಮಡಚಲು ಎರಡು ಕಡೆ ಗುಂಡಿ ಒತ್ತಬೇಕು. ಒಂದು ಕೈಯಲ್ಲಿ ಮಗು. ನನಗೆ ಮೂರನೇ ಕೈ ಇಲ್ಲ. ಮಗುವಿನ ಬ್ಯಾಗನ್ನು ಮೆಟ್ಟಿಲ ಮೇಲಿಟ್ಟು ಗಾಡಿಯ ಜೊತೆ ಗುದ್ದಾಡುತ್ತಿರುವಾಗ ಹಿಂದಿನಿಂದ ಇನ್ನೊಂದು ಬಸ್ ಹಾರ್ನ್ ಹಾಕಿತು. ಇವರು "ರೈಟ್" ಅಂದರು. ಬಸ್ ಹೋಯಿತು, ಬ್ಯಾಗೂ ಹೋಯಿತು. ಡೈಪರ್, ಬಿಸಿನೀರಿನ ಫ್ಲಾಸ್ಕ್, ಲಸಿಕೆಯ ಕಾರ್ಡ್ ಎಲ್ಲ ಅದರಲ್ಲೇ.

(ವಾಪಸ್ ಟ್ರಿಪ್‌ನಲ್ಲಿ ಅದೇ ಕಂಡಕ್ಟರ್ ಬ್ಯಾಗನ್ನು ಸ್ಟಾಪಿನ ಎದುರಿನ ಅಂಗಡಿಯಲ್ಲಿ ಕೊಟ್ಟು ಹೋಗಿದ್ದಾರೆ. ಅದು ಬೇರೆ ವಿಷಯ.)

ನನ್ನ ಪ್ರಶ್ನೆ ಇಷ್ಟೇ. ಮಂಗಳೂರಿನ ಸಿಟಿ ಬಸ್ಸಲ್ಲಿ ಸ್ಟ್ರೋಲರ್ ಒಯ್ಯುವುದು ಆಗುವ ಕೆಲಸವಾ? ಅಥವಾ ನಾನೇ ಸುಮ್ನೆ ಹುಚ್ಚು ಕಟ್ಟಿಕೊಂಡಿದ್ದೇನಾ?

ಬಿಜೈ_ಬಾಯ್

ರಿಕ್ಷಾ ಮಾಡಿ. ಮುಗಿಯಿತು.

ಕಾವೂರು_ಅಮ್ಮ

@ಬಿಜೈ_ಬಾಯ್ ವಾರಕ್ಕೆ ಎರಡು ಸಲ ಕಾವೂರಿನಿಂದ ಸುರತ್ಕಲ್‌ಗೆ ಹೋಗಿ ಬರಲು ರಿಕ್ಷಾ? ದುಡ್ಡು ನೀವು ಕೊಡುತ್ತೀರಾ?

ಎರಡು_ಮಕ್ಕಳ_ತಾಯಿ

ಸ್ಟ್ರೋಲರ್ ಮರೆತುಬಿಡಿ. ಎದೆಗೆ ಕಟ್ಟುವ ಬಟ್ಟೆಯ ಕ್ಯಾರಿಯರ್ ತಗೊಳ್ಳಿ. ನನ್ನ ಎರಡನೆಯವನನ್ನು ಒಂದೂವರೆ ವರ್ಷದವರೆಗೆ ಅದರಲ್ಲೇ ಹೊತ್ತುಕೊಂಡು ಕಂಕನಾಡಿಯಿಂದ ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿಗೆ ಓಡಾಡಿದ್ದೇನೆ. ಎರಡೂ ಕೈ ಖಾಲಿ ಇರುತ್ತದೆ. ಒಂದು ಕೈ ಕಂಬಿ ಹಿಡಿಯಲಿಕ್ಕೆ, ಇನ್ನೊಂದು ಚಿಲ್ಲರೆಗೆ. ಸಿಟಿ ಬಸ್ಸಲ್ಲಿ ಕಂಬಿ ಹಿಡಿಯದೆ ನಿಂತರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ ಅಲ್ವಾ.

ತೊಂದರೆ ಒಂದೇ, ಸೆಕೆ. ಏಪ್ರಿಲ್-ಮೇಯಲ್ಲಿ ಮಗುವಿನ ಹೊಟ್ಟೆ, ನನ್ನ ಎದೆ ಎರಡೂ ಬೆವರಲ್ಲಿ ಅಂಟಿಕೊಂಡು ಬೆವರುಸಾಲೆ ಎದ್ದಿತ್ತು. ನಡುವೆ ಒಂದು ತೆಳು ಬೈರಾಸ್ (ಟವೆಲ್) ಹಾಕಿದರೆ ಸ್ವಲ್ಪ ವಾಸಿ.

ರಥಬೀದಿ_ಅಜ್ಜಿ

ಸೊಸೆ ಟೈಪ್ ಮಾಡುತ್ತಿದ್ದಾಳೆ, ಮಾತು ನನ್ನದು. ನಾನು ನಾಲ್ಕು ಮಕ್ಕಳನ್ನು ಸೊಂಟದಲ್ಲಿ ಎತ್ತಿಕೊಂಡೇ ಉಡುಪಿಯಿಂದ ಕಾರ್ಕಳಕ್ಕೆ ಬಸ್ಸಲ್ಲಿ ಹೋಗಿ ಬಂದವಳು. ಒಂದು ಸೊಂಟದಲ್ಲಿ, ಒಂದು ಕೈ ಹಿಡಿದು, ಒಂದು ಹೊಟ್ಟೆಯಲ್ಲಿ. ಗಾಡಿ ಎಂತದಕ್ಕೆ? ಮಗು ಅಂದರೆ ತರಕಾರಿಯಾ ತಳ್ಳಿಕೊಂಡು ಹೋಗಲಿಕ್ಕೆ?

ಬೆನ್ನುನೋವಿನ_ಬಾಣಂತಿ

ಅಜ್ಜಿ, ನಿಮಗೆ ನಮಸ್ಕಾರ. ಆದರೆ ಒಂದು ಮಾತು. ನಿಮ್ಮ ಆ ಸೊಂಟ ಈಗ ಹೇಗಿದೆ?

ನನ್ನದು ಸಿಸೇರಿಯನ್. ಮಗು ಒಂಬತ್ತು ಕಿಲೋ. ಕ್ಯಾರಿಯರ್ ಕಟ್ಟಿ ಹತ್ತು ನಿಮಿಷ ನಿಂತರೆ ಸೊಂಟದಿಂದ ಕಾಲಿನವರೆಗೆ ಎಳೆಯುತ್ತದೆ. "ಕ್ಯಾರಿಯರ್ ತಗೊಳ್ಳಿ" ಅನ್ನುವುದು ಸುಲಭ. ಎಲ್ಲರ ಬೆನ್ನೂ ಒಂದೇ ಅಲ್ಲ.

ರಥಬೀದಿ_ಅಜ್ಜಿ

ಸೊಂಟ ಹೋಗಿದೆ ಮಗಾ. ದಿನಾ ಎಣ್ಣೆ ಹಚ್ಚುತ್ತೇನೆ. ಸುಳ್ಳು ಯಾಕೆ ಹೇಳಲಿ.

ಸೀಟಿ_ಅಣ್ಣ

ಹದಿನಾಲ್ಕು ವರ್ಷ ಸಿಟಿ ಬಸ್ಸಲ್ಲಿ ಕಂಡಕ್ಟರ್ ಆಗಿದ್ದವ ನಾನು. ಈಗ ಬಿಟ್ಟು ಅಂಗಡಿ ಇಟ್ಟಿದ್ದೇನೆ. ನಮ್ಮ ಕಡೆಯ ಮಾತೂ ಸ್ವಲ್ಪ ಕೇಳಿ.

ಬಸ್ ಸ್ಟೇಟ್ ಬ್ಯಾಂಕಿನಿಂದ ಬಿಟ್ಟ ಮೇಲೆ ಪ್ರತಿ ಪಾಯಿಂಟಿಗೂ ಟೈಮ್ ಇರುತ್ತದೆ. ನಾವು ಎರಡು ನಿಮಿಷ ಲೇಟ್ ಆದರೆ ಹಿಂದಿನ ಬಸ್ಸಿನವನು ಬೆನ್ನಿಗೆ ಅಂಟಿಕೊಳ್ಳುತ್ತಾನೆ, ನಮ್ಮ ಜನ ಅವನಿಗೆ. ನಾವು ಬೇಗ ಹೋದರೆ ಮುಂದಿನವನು ಜಗಳಕ್ಕೆ ಬರುತ್ತಾನೆ. ಕೊನೆಗೆ ಕಲೆಕ್ಷನ್ ಕಡಿಮೆ ಆದರೆ ಮಾಲೀಕರ ಎದುರು ನಿಲ್ಲಬೇಕಾದವರು ಯಾರು? ನಾನು ಮತ್ತು ಡ್ರೈವರ್. ಸ್ಟ್ರೋಲರ್ ಮಡಚಲು ಒಂದು ನಿಮಿಷ ನಿಮಗೆ ಏನೂ ಅಲ್ಲ, ನಮಗೆ ಆ ಒಂದು ನಿಮಿಷ ಅಂದರೆ ಮುಂದಿನ ಸ್ಟಾಪಿನ ಹತ್ತು ಜನ.

ಹಾಗಂತ ಮಗು ಇರುವ ಹೆಂಗಸರನ್ನು ಬಿಟ್ಟು ಹೋದದ್ದು ಸರಿ ಅಂತ ನಾನು ಹೇಳುವುದಿಲ್ಲ. ಅದು ತಪ್ಪೇ.

ಉಪಾಯ ಹೇಳುತ್ತೇನೆ. ಒಂದು: ಸ್ಟಾಪಿಗೆ ಬಸ್ ಬರುವ ಮೊದಲೇ ಮಡಚಿ ಇಟ್ಟುಕೊಳ್ಳಿ. ಮಡಚಿದ ಗಾಡಿ ಕಂಡರೆ ಡ್ರೈವರಿಗೆ ಅದು ಬ್ಯಾಗು. ಬಿಡಿಸಿದ ಗಾಡಿ ಕಂಡರೆ ಅದು ತಲೆನೋವು. ಎರಡು: ಮುಂದಿನ ಬಾಗಿಲಲ್ಲೇ ಹತ್ತಿ. ಹತ್ತುವ ಮೊದಲು ಗಾಡಿಯನ್ನು ಕಂಡಕ್ಟರ್ ಕೈಗೆ ಕೊಡಿ, ಕೇಳಬೇಡಿ, ಕೊಟ್ಟುಬಿಡಿ. ಕೈಗೆ ಬಂದದ್ದನ್ನು ಯಾವ ಕಂಡಕ್ಟರೂ ಕೆಳಗೆ ಬಿಸಾಡುವುದಿಲ್ಲ. ಅವನು ಅದನ್ನು ಡ್ರೈವರ್ ಪಕ್ಕ ಇಂಜಿನ್ ಬಾನೆಟ್ ಹತ್ತಿರ ಇಡುತ್ತಾನೆ. ಮೂರು: ಬೆಳಿಗ್ಗೆ ಹತ್ತರ ನಂತರ ಹೊರಡಿ, ಸಂಜೆ ನಾಲ್ಕರ ಒಳಗೆ ಮನೆ ಸೇರಿ. ಸ್ಕೂಲ್-ಕಾಲೇಜು ಬಿಡುವ ಹೊತ್ತಿಗೆ ಗಾಳಿಗೂ ಜಾಗ ಇರುವುದಿಲ್ಲ.

ಲಗೇಜ್ ಟಿಕೆಟಾ ಅಂತ ಯಾರಾದರೂ ಕೇಳುವ ಮೊದಲೇ ಹೇಳುತ್ತೇನೆ, ಮಗುವಿನ ಗಾಡಿಗೆ ನಾನು ಒಂದು ದಿನವೂ ದುಡ್ಡು ತಗೊಂಡಿಲ್ಲ.

ಕಿರಿಕ್_ಕದ್ರಿ

ಅಂದರೆ ನಿಮ್ಮ ಕಲೆಕ್ಷನ್‌ಗೋಸ್ಕರ ತಾಯಂದಿರು ಸರ್ಕಸ್ ಮಾಡಬೇಕು. ಭಾರೀ ಒಳ್ಳೆಯ ಉಪಾಯ.

ಸೀಟಿ_ಅಣ್ಣ

ಹೌದು ಮಾರಾಯ್ರೆ, ನಾನೇ ರೂಲ್ ಮಾಡಿದ್ದು ಅಲ್ವಾ. ಬೈಯುವುದಾದರೆ ಟೈಮಿಂಗ್ ಹಾಕಿದವರನ್ನು ಬೈಯಿರಿ. ಬ್ಯಾಗ್ ವಾಪಸ್ ತಂದುಕೊಟ್ಟವನೂ ಕಂಡಕ್ಟರೇ, ಅದನ್ನು ಬ್ರಾಕೆಟಿನಲ್ಲಿ ಹಾಕಿದ್ದೀರಿ ಎಲ್ಲರೂ.

ಕಾವೂರು_ಅಮ್ಮ

ಬ್ರಾಕೆಟ್ ತೆಗೆದೆ ಅಣ್ಣ. ಅವರಿಗೆ ಥ್ಯಾಂಕ್ಸ್ ಹೇಳಲೂ ಆಗಲಿಲ್ಲ, ಹೆಸರೂ ಗೊತ್ತಿಲ್ಲ.

ಮಣಿಪಾಲ_ಅಪ್ಪ

ಇಲ್ಲಿ ಎಲ್ಲರೂ ತಾಯಿ ತಾಯಿ ಅನ್ನುತ್ತಿದ್ದೀರಿ. ಅಪ್ಪಂದಿರ ಕಥೆ ಕೇಳಿ.

ಹೆಂಡತಿಗೆ ಡ್ಯೂಟಿ, ಹಾಗಾಗಿ ಏಳು ತಿಂಗಳ ಮಗನನ್ನು ಎದೆಗೆ ಕಟ್ಟಿಕೊಂಡು ಉಡುಪಿ ಸಿಟಿ ಬಸ್ ಸ್ಟ್ಯಾಂಡಿನಿಂದ ಮಣಿಪಾಲಕ್ಕೆ ಹೊರಟೆ. ಗಂಡಸು ಅಲ್ವಾ, ಹಿಂದಿನ ಬಾಗಿಲಲ್ಲಿ ಹತ್ತಿದೆ. ಹಿಂದೆ ಕೂತವರೆಲ್ಲ ಒಮ್ಮೆ ನನ್ನನ್ನು ನೋಡಿದರು, ಆಮೇಲೆ ಅವರವರ ಮೊಬೈಲ್ ನೋಡಿದರು. ಕಲ್ಸಂಕದಲ್ಲಿ ಡ್ರೈವರ್ ಬ್ರೇಕ್ ಹಾಕಿದ. ಬ್ಯಾಗಿನ ಬದಿಯಿಂದ ಹಾಲಿನ ಬಾಟಲಿ ಬಿತ್ತು. ಬಿದ್ದದ್ದು ಉರುಳಿಕೊಂಡು, ಎಲ್ಲರ ಕಾಲಿನ ಸಂದಿಯಲ್ಲಿ ದಾರಿ ಮಾಡಿಕೊಂಡು, ಸೀದಾ ಡ್ರೈವರ್ ಸೀಟಿನ ಹತ್ತಿರ ಹೋಗಿ ನಿಂತಿತು. ಮಗ ಬಾಟಲಿ ಹೋದ ದಿಕ್ಕಿಗೇ ನೋಡುತ್ತಾ ಬೊಬ್ಬೆ ಶುರು ಮಾಡಿದ.

ಆಗ ಮುಂದೆ ಕೂತಿದ್ದ ಒಬ್ಬರು ಅಮ್ಮ, ಮೀನು ಮಾರಿ ವಾಪಸ್ ಹೋಗುತ್ತಿದ್ದವರು, ಬಾಟಲಿ ಹೆಕ್ಕಿ ತಮ್ಮ ಸೆರಗಿನಲ್ಲಿ ಒರೆಸಿ, "ಬಾಲೆ ಉಂಡು, ಜಾಗೆ ಕೊರ್ಲೆ" (ಮಗು ಉಂಟು, ಜಾಗ ಕೊಡಿ) ಅಂತ ತುಳುವಿನಲ್ಲಿ ಇಡೀ ಬಸ್ಸಿಗೆ ಕೇಳುವಂತೆ ಕೂಗಿದರು. ಒಂದೇ ಸಲಕ್ಕೆ ಮೂರು ಜನ ಎದ್ದರು! ಮೊದಲು ಕಣ್ಣು ಕಾಣದವರಿಗೆ ಆಗ ಕಂಡಿತು.

ಬಾಟಲಿಯ ಹಾಲು ಮಾತ್ರ ಕುಡಿಸಲಿಲ್ಲ. ಬಂಗುಡೆ ವಾಸನೆ.

ತುಳು_ತಿಮರೆ

😂😂 ಬಂಗುಡೆ ಹಾಲು ಕುಡಿದಿದ್ದರೆ ಮಗ ಗಟ್ಟಿಯಾಗುತ್ತಿದ್ದ.

ಕಿರಿಕ್_ಕದ್ರಿ

@ಮಣಿಪಾಲ_ಅಪ್ಪ ನೀವೇ ಬಾಯಿ ಬಿಟ್ಟು ಕೇಳಬಹುದಿತ್ತಲ್ಲ? ನಮ್ಮವರಿಗೆ ಕೇಳಲು ಸಂಕೋಚ, ಆಮೇಲೆ ಕೊಡಲಿಲ್ಲ ಅಂತ ಸಿಟ್ಟು.

ಮಣಿಪಾಲ_ಅಪ್ಪ

ಒಪ್ಪಿದೆ. ಆವತ್ತಿನಿಂದ ಹತ್ತುವಾಗಲೇ "ಬಾಲೆ ಉಂಡು" ಅಂತ ಕೂಗಿಯೇ ಹತ್ತುತ್ತೇನೆ. ಕೆಲಸ ಮಾಡುತ್ತದೆ. ನಾನು ಧಾರವಾಡ ಕಡೆಯವ, ನನಗೆ ಬರುವ ತುಳು ಅಷ್ಟೇ.

ಲೀಡ್ಸ್‌ನಲ್ಲಿ_ಕುಂದಾಪ್ರ

ಹ್ವಾಯ್, ಇಂಗ್ಲೆಂಡಿನಿಂದ ಬರೆಯುತ್ತಿದ್ದೇನೆ. ಇಲ್ಲಿ ಬಸ್ಸುಗಳಿಗೆ ಮೆಟ್ಟಿಲೇ ಇಲ್ಲ. ಬಸ್ ಬದಿಗೆ ಸ್ವಲ್ಪ ವಾಲಿ ನಿಲ್ಲುತ್ತದೆ, ಗಾಡಿ ತಳ್ಳಿಕೊಂಡೇ ಒಳಗೆ ಹೋಗುವುದು. ಸ್ವರ್ಗ ಅಂದುಕೊಳ್ಳಬೇಡಿ. ಇಲ್ಲಿ ಜಗಳ ಬೇರೆ ತರದ್ದು.

ಬಸ್ಸಿನಲ್ಲಿ ವೀಲ್‌ಚೇರಿಗೆ ಅಂತ ಒಂದು ಜಾಗ. ಅದು ಖಾಲಿ ಇದ್ದರೆ ಮಗುವಿನ ಗಾಡಿಯವರೂ ನಿಲ್ಲಿಸುತ್ತಾರೆ. 2012ರಲ್ಲಿ ನಮ್ಮ ಪಕ್ಕದ ವೆದರ್‌ಬಿ ಊರಿನಿಂದ ಲೀಡ್ಸ್‌ಗೆ ಬರುವ ಬಸ್ಸಿಗೆ ವೀಲ್‌ಚೇರಿನವರೊಬ್ಬರು ಹತ್ತಲು ಬಂದರು. ಆ ಜಾಗದಲ್ಲಿ ಒಬ್ಬ ತಾಯಿ, ಗಾಡಿಯಲ್ಲಿ ಮಲಗಿದ ಮಗು. ಡ್ರೈವರ್ ಜಾಗ ಬಿಡಿ ಅಂದರು. ತಾಯಿ, ಗಾಡಿ ಮಡಚಲಿಕ್ಕೆ ಬರುವುದಿಲ್ಲ, ಆಗುವುದಿಲ್ಲ ಅಂದರು. ವೀಲ್‌ಚೇರಿನವರು ಬಸ್ ಬಿಡಬೇಕಾಯಿತು. ಅವರು ಕೋರ್ಟಿಗೆ ಹೋದರು. ಐದು ವರ್ಷ ಎಳೆದು 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು. ಡ್ರೈವರ್ ಒಮ್ಮೆ ಕೇಳಿ ಸುಮ್ಮನಾದರೆ ಸಾಲದು, ಇನ್ನೂ ಒತ್ತಾಯ ಮಾಡಬೇಕು, ಬೇಕಾದರೆ ಬಸ್ಸನ್ನು ಸ್ವಲ್ಪ ಹೊತ್ತು ನಿಲ್ಲಿಸಿಕೊಳ್ಳಬೇಕು ಅಂತ. ಆದರೆ ಬಲವಂತವಾಗಿ ಇಳಿಸಲೇಬೇಕು ಅಂತ ಹೇಳಲಿಲ್ಲ.

ಅಂದರೆ ಜಾಗ ಇದ್ದ ಊರಲ್ಲೂ ಕೊನೆಗೆ ಬರುವ ಮಾತು "ಮಡಚಿ" ಅಂತಲೇ.

ಎರಡು_ಮಕ್ಕಳ_ತಾಯಿ

ಆ ತಾಯಿಯ ಬಗ್ಗೆಯೂ ಪಾಪ ಅನ್ನಿಸುತ್ತದೆ ನನಗೆ. ಮಲಗಿದ ಮಗುವನ್ನು ಎಬ್ಬಿಸುವುದು ಅಂದರೆ ಏನು ಅಂತ ಆ ಜಡ್ಜ್‌ಗಳಿಗೆ ಗೊತ್ತಿತ್ತಾ?

ಲೀಡ್ಸ್‌ನಲ್ಲಿ_ಕುಂದಾಪ್ರ

ಪಾಪ ಹೌದು. ಆದರೆ ಮಗುವನ್ನು ಎತ್ತಿಕೊಳ್ಳಬಹುದು, ವೀಲ್‌ಚೇರನ್ನು ಮಡಚಿ ಸೊಂಟದಲ್ಲಿಟ್ಟುಕೊಳ್ಳಲಿಕ್ಕೆ ಆಗುವುದಿಲ್ಲವಲ್ಲ.

ಚಾಸಿಸ್_ಭಟ್ರು

ನಾನು ಬಸ್ ಬಾಡಿ ಕಟ್ಟುವ ಲೈನಿನಲ್ಲಿ ಕೆಲಸ ಮಾಡಿದವ. ಸಮಸ್ಯೆ ಕಂಡಕ್ಟರೂ ಅಲ್ಲ, ಸ್ಟ್ರೋಲರೂ ಅಲ್ಲ. ಎತ್ತರ.

ಕೇಂದ್ರ ಸರ್ಕಾರ ನಗರದ ಬಸ್ಸುಗಳಿಗೆ ಮಾಡಿದ ಮಾನದಂಡದಲ್ಲಿ ಲೋ ಫ್ಲೋರ್ ಅಂದರೆ ಬಸ್ಸಿನ ಒಳಗಿನ ತಳ ರಸ್ತೆಯಿಂದ 400 ಮಿ.ಮೀ. ಎತ್ತರ, ಸೆಮಿ ಲೋ ಫ್ಲೋರ್ ಅಂದರೆ 650, ಮಾಮೂಲಿ ಬಸ್ಸು 900. ನಮ್ಮ ಊರಿನಲ್ಲಿ ಜಾಸ್ತಿ ಓಡುವುದು ಮೂರು ಮೆಟ್ಟಿಲಿನ ಮಾಮೂಲಿ ಬಸ್ಸು. ಮನೆಯ ಊಟದ ಟೇಬಲ್ ಮುಕ್ಕಾಲು ಮೀಟರ್ ಎತ್ತರ ಇರುತ್ತದೆ. ಅದಕ್ಕಿಂತ ಮೇಲಕ್ಕೆ, ಮಗು ಸಮೇತ, ಅದೂ ಬಸ್ ಪೂರ್ತಿ ನಿಲ್ಲದೆ ಇರುವಾಗ ಹತ್ತಬೇಕು. ನಮ್ಮ ಮಾವನಿಗೆ ಮೊಣಕಾಲು ನೋವು. ಅವರೂ ಬಸ್ ಬಿಟ್ಟು ವರ್ಷವಾಯಿತು. ಮಗು ಇದ್ದವರು, ಗಂಟು ನೋವಿನವರು, ಬಸುರಿ, ಕೋಲು ಹಿಡಿದವರು, ಎಲ್ಲರಿಗೂ ಅಡ್ಡ ಬರುವುದು ಅದೇ ಮೊದಲನೇ ಮೆಟ್ಟಿಲು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೂ ಬಸ್ಸು, ರೈಲು ಎಲ್ಲರಿಗೂ ಹತ್ತಲು ಬರುವಂತೆ ಇರಬೇಕು ಅಂತ ಇದೆ.

ಯಾಕೆ ಕೆಳಗಿಳಿಸುವುದಿಲ್ಲ ಅಂದರೆ, ಲೋ ಫ್ಲೋರ್ ಚಾಸಿಸ್ಸಿಗೆ ದುಡ್ಡು ಜಾಸ್ತಿ. ಮತ್ತೆ ನಮ್ಮ ಹಂಪು, ಹೊಂಡಕ್ಕೆ ಅಡಿ ತಾಗುತ್ತದೆ.

ಕಿರಿಕ್_ಕದ್ರಿ

ಹೊಂಡ ಮುಚ್ಚುವುದು ಬಿಟ್ಟು ಬಸ್ಸನ್ನು ಮೇಲೆತ್ತಿದ್ದು. ಚಂದ.

ಮಳೆಹುಳ

ಬಸ್ಸಿನ ಕಥೆ ಆಮೇಲೆ. ಮೊದಲು ಬಸ್ ಸ್ಟಾಪಿನವರೆಗೆ ಗಾಡಿ ತಳ್ಳಿ ತೋರಿಸಿ. ನಮ್ಮ ಮನೆಯಿಂದ ಸ್ಟಾಪಿಗೆ ನಾನ್ನೂರು ಮೀಟರ್. ಫುಟ್‌ಪಾತ್ ಅಂದರೆ ಚರಂಡಿ ಮೇಲಿನ ಚಪ್ಪಡಿ. ಎರಡು ಚಪ್ಪಡಿ ನಡುವಿನ ಸಂದಿಯಲ್ಲಿ ಸ್ಟ್ರೋಲರಿನ ಮುಂದಿನ ಚಕ್ರ ಸರಿಯಾಗಿ ಕೂರುತ್ತದೆ, ಅಳತೆ ತೆಗೆದು ಮಾಡಿದ ಹಾಗೆ. ಆಮೇಲೆ ಒಂದು ಟ್ರಾನ್ಸ್‌ಫಾರ್ಮರ್. ಆಮೇಲೆ ನಿಲ್ಲಿಸಿದ ನಾಲ್ಕು ಸ್ಕೂಟರ್. ಆಮೇಲೆ ಫುಟ್‌ಪಾತ್ ಒಂದು ಅಡಿ ಎತ್ತರದಿಂದ ಸೀದಾ ರಸ್ತೆಗೆ ಧುಮುಕುತ್ತದೆ, ಇಳಿಜಾರು ಇಲ್ಲ. ನಾನು ರಸ್ತೆಯಲ್ಲೇ ತಳ್ಳುತ್ತೇನೆ, ಹಿಂದಿನಿಂದ ಬಸ್ ಹಾರ್ನ್ ಹಾಕುತ್ತದೆ. ಅದೇ ಬಸ್ಸು, ಆಮೇಲೆ ಹತ್ತಿಸಿಕೊಳ್ಳದೆ ಹೋಗುವುದು.

ಜೂನ್ ಬರಲಿ, ಇನ್ನೂ ಗಮ್ಮತ್ತು. ವರ್ಷಕ್ಕೆ 3,500 ಮಿ.ಮೀ. ಮೇಲೆ ಮಳೆ ಬೀಳುವ ಊರು ಇದು. ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ಗಾಡಿ, ಕೆಳಗೆ ಯಾವುದು ರಸ್ತೆ ಯಾವುದು ಚರಂಡಿ ಗೊತ್ತಾಗುವುದಿಲ್ಲ.

ಬಿಜೈ_ಬಾಯ್

ಅದಕ್ಕೇ ಹೇಳಿದ್ದು ರಿಕ್ಷಾ. ಹಿಂದೆ ಸೀಟಿನ ಬೆನ್ನಿಗೆ ಗಾಡಿ ತುರುಕಬಹುದು. ಇಲ್ಲದಿದ್ದರೆ ಸ್ಕೂಟರ್. ನನ್ನ ಅಕ್ಕ ಮಗುವನ್ನು ಮುಂದೆ ನಿಲ್ಲಿಸಿಕೊಂಡು ಆರಾಮಾಗಿ ಹೋಗುತ್ತಾಳೆ.

ವಾರ್ಡ್_ಸಿಸ್ಟರ್

@ಬಿಜೈ_ಬಾಯ್ ಸ್ಕೂಟರ್ ಸಲಹೆ ದಯವಿಟ್ಟು ಯಾರೂ ತಗೊಳ್ಳಬೇಡಿ. 2023ರ ಫೆಬ್ರವರಿ 15ರಿಂದ ನಿಯಮ ಇದೆ. ನಾಲ್ಕು ವರ್ಷದೊಳಗಿನ ಮಗುವನ್ನು ಬೈಕು, ಸ್ಕೂಟರಿನಲ್ಲಿ ಕರೆದೊಯ್ಯುವಾಗ ಸವಾರರಿಗೆ ಕಟ್ಟುವ ಬೆಲ್ಟ್ ಬೇಕು, ಒಂಬತ್ತು ತಿಂಗಳು ದಾಟಿದ ಮಗುವಿಗೆ ತಲೆಗೆ ಸರಿಯಾಗುವ ಹೆಲ್ಮೆಟ್ ಬೇಕು, ವೇಗ ಗಂಟೆಗೆ 40 ಕಿ.ಮೀ. ಮೀರಬಾರದು. ಮುಂದೆ ನಿಲ್ಲಿಸಿಕೊಂಡು ಹೋಗುವುದನ್ನು ನೋಡಿದರೆ ನನಗೆ ಹೊಟ್ಟೆ ತೊಳೆಸುತ್ತದೆ. ಬ್ರೇಕ್ ಹಾಕಿದರೆ ಮೊದಲು ಹ್ಯಾಂಡಲ್‌ಗೆ ಬಡಿಯುವುದು ಆ ಮಗುವಿನ ಬಾಯಿ. ವಾರ್ಡಿನಲ್ಲಿ ನೋಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಇನ್ನು ಕ್ಯಾರಿಯರ್ ಕಟ್ಟುವವರಿಗೆ. ಮಗುವಿನ ಮುಖ ನಿಮಗೆ ಕಾಣುತ್ತಿರಬೇಕು, ಗಲ್ಲ ಎದೆಗೆ ಒತ್ತಿರಬಾರದು, ತಲೆಗೆ ಮುತ್ತು ಕೊಡುವಷ್ಟು ಮೇಲೆ ಇರಬೇಕು. ಕಾಲು ಸುಮ್ಮನೆ ಜೋತು ಬೀಳಬಾರದು. ಮೊಣಕಾಲು ಕುಂಡೆಗಿಂತ ಸ್ವಲ್ಪ ಮೇಲೆ, ಕಪ್ಪೆ ಕೂತ ಹಾಗೆ. ಕುತ್ತಿಗೆ ಗಟ್ಟಿ ಆಗುವವರೆಗೆ ಹೊರಮುಖ ಮಾಡಿ ಕಟ್ಟಬೇಡಿ.

ಸ್ಟ್ರೋಲರಿನವರಿಗೂ ಒಂದು ಮಾತು. ಬಿಸಿಲು ಅಂತ ಗಾಡಿಯ ಮೇಲೆ ಪೂರ್ತಿ ಬಟ್ಟೆ ಹೊದಿಸಬೇಡಿ. ಗಾಳಿ ನಿಂತು ಒಳಗೆ ಇಡ್ಲಿ ಅಟ್ಟದ ಹಾಗೆ ಆಗುತ್ತದೆ. ಮಳೆಗಾಲದ ಪ್ಲಾಸ್ಟಿಕ್ ಕವರೂ ಹಾಗೇ, ಮಳೆ ನಿಂತ ಕೂಡಲೇ ತೆಗೆಯಿರಿ.

ಮತ್ತೆ @ಕಾವೂರು_ಅಮ್ಮ, ಒಂಬತ್ತು ತಿಂಗಳಿಗೆ ದಡಾರ-ರುಬೆಲ್ಲಾ ಚುಚ್ಚುಮದ್ದು ಬರುತ್ತದಲ್ಲ, ಅದಕ್ಕೆ ಹಂಪನಕಟ್ಟೆಗೇ ಹೋಗಬೇಕಂತ ಇಲ್ಲ. ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಿನ ಹೇಳುತ್ತಾರೆ.

ಕಾವೂರು_ಅಮ್ಮ

ಅಯ್ಯೋ, ಇದು ನನಗೆ ಹೊಳೆದೇ ಇರಲಿಲ್ಲ. ಒಂದು ಟ್ರಿಪ್ ಉಳಿಯಿತು. ಅಮ್ಮನ ಮನೆಯನ್ನು ಮಾತ್ರ ಹತ್ತಿರ ತರಲಿಕ್ಕೆ ಆಗುವುದಿಲ್ಲ.

ಬಿಜೈ_ಬಾಯ್

ಸಿಸ್ಟರ್, ಅಕ್ಕನಿಗೆ ಫಾರ್ವರ್ಡ್ ಮಾಡಿದೆ. ನನಗೇ ಬೈದಳು.

ಗ್ಯಾರಂಟಿ_ಗಿರಿಜಕ್ಕ

ಸರ್ಕಾರಿ ಬಸ್ಸಲ್ಲಿ ಹೋಗಿ, ಟಿಕೆಟೂ ಫ್ರೀ ಅಲ್ವಾ?

ಕಿರಿಕ್_ಕದ್ರಿ

ಶಕ್ತಿ ಯೋಜನೆ 2023ರ ಜೂನ್ 11ರಿಂದ ಇದೆ, ಸರಿ. ಆದರೆ ಫ್ರೀ ಇರುವುದು ಸರ್ಕಾರಿ ಬಸ್ಸಿಗೆ. ನಮ್ಮ ಊರಿನೊಳಗೆ ಓಡುವುದು ಹೆಚ್ಚಿನವು ಪ್ರೈವೇಟು. ಕಾದು ಕಾದು ಮಗು ನಡೆಯಲು ಕಲಿಯಬಹುದು.

ಗ್ಯಾರಂಟಿ_ಗಿರಿಜಕ್ಕ

ಸರ್ಕಾರದ್ದೇ ನರ್ಮ್ ಸಿಟಿ ಬಸ್ಸು ಇಲ್ವಾ? ನಾನು ಅದರಲ್ಲೇ ಹೋಗುವುದು. ಎಲ್ಲದಕ್ಕೂ ಕೊಂಕು ತೆಗೆಯುವುದೇ ನಿಮ್ಮ ಕೆಲಸ.

ಹಳೇ_ಹಂಪನಕಟ್ಟೆ

ಪ್ರೈವೇಟ್ ಬಸ್ಸನ್ನು ಸುಮ್ನೆ ಬೈಯಬೇಡಿ. ಈ ಜಿಲ್ಲೆಗೆ ಬಸ್ ಅಂತ ತೋರಿಸಿಕೊಟ್ಟವರೇ ಅವರು. ಕೆನರಾ ಪಬ್ಲಿಕ್ ಕನ್ವೇಯನ್ಸ್, ನಮ್ಮ ಬಾಯಲ್ಲಿ ಸಿ.ಪಿ.ಸಿ., 1914ರಲ್ಲಿ ಮಂಗಳೂರಿನಲ್ಲಿ ಶುರುವಾದದ್ದು. ಸರ್ಕಾರಿ ಬಸ್ಸು ಎಂಬುದು ಕನಸಿನಲ್ಲೂ ಇರಲಿಲ್ಲ ಆಗ. ಈಗಲೂ ಶಂಕರಪುರದ ಮಲ್ಲಿಗೆ ಊರೂರಿಗೆ ಮುಟ್ಟುವುದು ಬಸ್ಸಿನಲ್ಲೇ. ಕಟ್ಟು ಕೊಟ್ಟರೆ ಕಂಡಕ್ಟರ್ ಜೋಪಾನವಾಗಿ ತಂದು ಅಂಗಡಿಗೆ ಕೊಡುತ್ತಾನೆ, ಒಂದು ಎಸಳು ಬಾಡುವುದಿಲ್ಲ.

ಬೆನ್ನುನೋವಿನ_ಬಾಣಂತಿ

ಸರ್, ನನಗೂ ಅದೇ ಹೊಟ್ಟೆಕಿಚ್ಚು. ಮಲ್ಲಿಗೆಗೆ ಜಾಗ ಇದೆ, ಪೇಪರ್ ಬಂಡಲಿಗೆ ಇದೆ, ಮೀನಿನ ಬುಟ್ಟಿಗೆ ಇದೆ, ಯಾರದೋ ಮನೆಯ ಮಿಕ್ಸಿ ರಿಪೇರಿಗೆ ಹೋಗುವುದಕ್ಕೂ ಇದೆ. ನನ್ನ ಮಗನ ಗಾಡಿಗೆ ಮಾತ್ರ "ಜಾಗ ಇಲ್ಲ ಅಕ್ಕ".

ಸೀಟಿ_ಅಣ್ಣ

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಮಲ್ಲಿಗೆಯವರನ್ನು ದಿನಾ ನೋಡುತ್ತೇವೆ, ಅಭ್ಯಾಸ ಆಗಿದೆ. ಗಾಡಿ ತಿಂಗಳಿಗೊಂದು ಕಾಣುವುದು. ದಿನಾ ನಾಲ್ಕು ಜನ ಹತ್ತಿದರೆ ಅದಕ್ಕೂ ಒಂದು ಮೂಲೆ ಆಗುತ್ತದೆ.

ಶೋಧಕ_ಶೆಟ್ರು

ವಿಷಯಕ್ಕೆ ಸ್ವಲ್ಪ ಹೊರಗೆ. ಮಡಚುವ ಸ್ಟ್ರೋಲರ್ ಹೇಗೆ ಬಂತು ಗೊತ್ತಾ? ಓವನ್ ಮ್ಯಾಕ್ಲಾರೆನ್ ಅಂತ ಇಂಗ್ಲೆಂಡಿನ ಒಬ್ಬ ವಿಮಾನದ ಇಂಜಿನಿಯರ್. ಎರಡನೇ ಮಹಾಯುದ್ಧದ ಸ್ಪಿಟ್‌ಫೈರ್ ವಿಮಾನದ ಚಕ್ರ ಮಡಚಿಕೊಳ್ಳುವ ಭಾಗದ ಮೇಲೆ ಕೆಲಸ ಮಾಡಿದವರು. ರಿಟೈರ್ ಆದ ಮೇಲೆ ಮಗಳು ಮೊಮ್ಮಗುವನ್ನು ಕರೆದುಕೊಂಡು ವಿದೇಶದಿಂದ ಬಂದಳು, ಜೊತೆಗೆ ಒಂದು ಭಾರದ ಗಾಡಿ. ಅದರ ಜೊತೆ ಅವಳು ಪಡುವ ಪಾಡು ನೋಡಿ ಅಜ್ಜ ಅಲ್ಯೂಮಿನಿಯಂ ಕೊಳವೆಯಲ್ಲಿ ಕೊಡೆಯ ಹಾಗೆ ಮಡಚುವ ಗಾಡಿ ಮಾಡಿದರು. 1965ರಲ್ಲಿ ಪೇಟೆಂಟ್. ತೂಕ ಮೂರು ಕಿಲೋದ ಒಳಗೆ.

ಹಾಗಾಗಿ @ಕಾವೂರು_ಅಮ್ಮ, ನಿಮ್ಮ ಹನ್ನೊಂದು ಕಿಲೋದ್ದು ಮನೆಯಲ್ಲಿರಲಿ. ಕೊಡೆ ತರ ಮಡಚುವ, ಆರೇಳು ಕಿಲೋ ಮೀರದ ಒಂದು ಸೆಕೆಂಡ್ ಹ್ಯಾಂಡ್ ನೋಡಿ. ಅಂಗಡಿಯಲ್ಲಿ ಒಂದೇ ಕೈಯಲ್ಲಿ ಮಡಚಿ ನೋಡದೆ ತಗೊಳ್ಳಬೇಡಿ. ಇನ್ನೊಂದು ಕೈಯಲ್ಲಿ ತೆಂಗಿನಕಾಯಿ ಹಿಡಿದುಕೊಂಡು ನೋಡಿ.

ತುಳು_ತಿಮರೆ

ತೆಂಗಿನಕಾಯಿ ಅಳುವುದಿಲ್ಲ ಶೆಟ್ರೆ.

ಶೋಧಕ_ಶೆಟ್ರು

ಹಾಗಾದರೆ ಹಲಸಿನಹಣ್ಣು ಹಿಡಿದುಕೊಳ್ಳಿ. ತೂಕವೂ ಸರಿ, ಮೈಗೆ ಅಂಟುವುದೂ ಸರಿ.

ಪಡುಬಿದ್ರಿ_ಪಮ್ಮಿ

ನಮ್ಮ ಮನೆಯ ಸ್ಟ್ರೋಲರಿನಲ್ಲಿ ಮಗ ಕೂತದ್ದು ಎಣಿಸಿ ಆರು ಸಲ. ಈಗ ಅತ್ತೆ ಅದರಲ್ಲಿ ಹಪ್ಪಳ ಒಣಗಿಸುತ್ತಾರೆ. ಮೋಡ ಬಂದರೆ ತಳ್ಳಿಕೊಂಡು ಒಳಗೆ ಬರುವುದು. ಕಾಗೆ ಬಾರದ ಹಾಗೆ ಮೇಲೆ ಸೊಳ್ಳೆಪರದೆ ಬೇರೆ ಇದೆ.

ರಥಬೀದಿ_ಅಜ್ಜಿ

ಇದು ಒಳ್ಳೆಯ ಉಪಯೋಗ. ಎಷ್ಟಾಗುತ್ತದೆ ಅದಕ್ಕೆ?

ರೈಲು_ರಾಯರು

ಸುರತ್ಕಲ್‌ಗೆ ರೈಲಿನಲ್ಲಿ ಹೋಗಬಹುದಲ್ಲ? ಕೊಂಕಣ ರೈಲಿನ ಸ್ಟೇಷನ್ ಇದೆ. ಐದು ವರ್ಷದೊಳಗಿನ ಮಗುವಿಗೆ ಟಿಕೆಟ್ ಬೇಡ. ಮಂಗಳೂರು ಸೆಂಟ್ರಲ್ ಸ್ಟೇಷನ್ನಿನಲ್ಲಿ ಹತ್ತಿದರೆ ಗಾಡಿ ಇಡಲು ಎಷ್ಟು ಬೇಕಾದರೂ ಜಾಗ. 2022ರ ಮೇಯಲ್ಲಿ ಲಕ್ನೋ ಮೇಲ್ ರೈಲಿನಲ್ಲಿ ಮಗು ಮಲಗಿಸುವ ಪುಟ್ಟ ಬರ್ತ್ ಕೂಡ ಪ್ರಯೋಗಕ್ಕೆ ಹಾಕಿದ್ದರು, ತಾಯಿಯ ಕೆಳಗಿನ ಬರ್ತಿಗೆ ಅಂಟಿಕೊಂಡ ಹಾಗೆ. ನಮ್ಮ ಕಡೆಗೂ ಬರಬೇಕು.

ಕಾವೂರು_ಅಮ್ಮ

ರಾಯರೇ, ಕಾವೂರಿನಿಂದ ಸೆಂಟ್ರಲ್‌ಗೆ ಹೋಗಲು ಸಿಟಿ ಬಸ್ ಹಿಡಿಯಬೇಕು. ಮತ್ತೆ ಸುರತ್ಕಲ್ ಸ್ಟೇಷನ್ನಿನಿಂದ ಅಮ್ಮನ ಮನೆಗೆ ರಿಕ್ಷಾ. 😄

ರೈಲು_ರಾಯರು

ಓ ಹೌದಲ್ಲ. ರೈಲು ಅಂದರೆ ನನಗೆ ತಲೆ ಓಡುವುದಿಲ್ಲ.

ಮಳೆಹುಳ

ಒಂದು ಉಪಯೋಗದ ಮಾತು. ಚಲೋ ಆಪ್‌ನಲ್ಲಿ ಬಸ್ ಎಲ್ಲಿ ಬರುತ್ತಿದೆ ಅಂತ ಕಾಣುತ್ತದೆ. ಎಲ್ಲ ಬಸ್ಸೂ ಕಾಣುವುದಿಲ್ಲ, ಆದರೂ ಬಿಸಿಲಲ್ಲಿ ಮಗು ಹಿಡಿದು ಅಂದಾಜಿಗೆ ನಿಲ್ಲುವುದಕ್ಕಿಂತ ವಾಸಿ. ಎರಡು ನಿಮಿಷ ಇದೆ ಅಂದಾಗ ಮಡಚಲು ಶುರು ಮಾಡುವುದು.

ಕಾವೂರು_ಅಮ್ಮ

ಹತ್ತು ದಿನ ಆಯ್ತು, ಏನಾಯ್ತು ಅಂತ ಹೇಳುತ್ತೇನೆ.

ಹನ್ನೊಂದು ಕಿಲೋದ್ದನ್ನು ಅಮ್ಮನ ಮನೆಗೆ ಕಳಿಸಿದೆ, ಗಂಡನ ಗೆಳೆಯರ ಕಾರಿನಲ್ಲಿ. ಅದು ಅಲ್ಲೇ ಇರಲಿ, ಅಂಗಳದಲ್ಲಿ ತಳ್ಳಲಿಕ್ಕೆ ಆಯ್ತು. ದಾರಿಗೆ ಕ್ಯಾರಿಯರ್. ಬೆನ್ನು ನೋವುತ್ತದೆ, ಸುಳ್ಳಲ್ಲ. ಕೊಡೆ ತರದ್ದು ಒಂದು ಹುಡುಕುತ್ತಿದ್ದೇನೆ, ಇನ್ನೂ ಸಿಕ್ಕಿಲ್ಲ.

ನಿನ್ನೆ ಹನ್ನೊಂದು ಗಂಟೆಯ ಬಸ್ಸು. ಹತ್ತುವಾಗ ಮಣಿಪಾಲ ಅಪ್ಪನ ಮಂತ್ರ ಹೇಳಿದೆ, "ಬಾಲೆ ಉಂಡು". ನನ್ನ ತುಳು ಕೇಳಿ ಮುಂದಿನ ಸೀಟಿನ ಕಾಲೇಜು ಹುಡುಗಿಯರು ನಕ್ಕರು, ಆದರೆ ಎದ್ದರು. ಕೂತ ಮೇಲೆ ನೋಡಿದರೆ ಅದೇ ಕಂಡಕ್ಟರ್, ಬ್ಯಾಗಿನವರು. ಅವರು ನನ್ನನ್ನು ಗುರುತಿಸಲಿಲ್ಲ. ನನ್ನ ಬ್ಯಾಗನ್ನು ಗುರುತಿಸಿದರು. "ಅಕ್ಕಾ, ಇದರಲ್ಲಿ ಫ್ಲಾಸ್ಕ್ ಉಂಟಲ್ಲ, ಆವತ್ತು ಲೀಕ್ ಆಗಿ ನನ್ನ ಟಿಕೆಟ್ ಮೆಷಿನಿಗೆ ನೀರು ಬಿತ್ತು" ಅಂದರು. ಥ್ಯಾಂಕ್ಸ್ ಹೇಳಬೇಕಂತ ಇದ್ದವಳು ಸಾರಿ ಹೇಳಿ ಇಳಿದೆ.

ಸೀಟಿ_ಅಣ್ಣ

ಮೆಷಿನಿನ ದುಡ್ಡು ಅವನ ಸಂಬಳದಿಂದ ಹಿಡಿದರೋ ಏನೋ ಪಾಪ. ಮುಂದಿನ ಸಲ ಕೇಳಿ.

ಕಾವೂರು_ಅಮ್ಮ

ಕೇಳುತ್ತೇನೆ ಅಣ್ಣ. ಮಂಗಳವಾರ ಮತ್ತೆ ಅದೇ ಬಸ್ಸು.

ರಥಬೀದಿ_ಅಜ್ಜಿ

ಆ ಹನ್ನೊಂದು ಕಿಲೋದ ಗಾಡಿ ಕೊಡುವುದಿದ್ದರೆ ಹೇಳು ಮಗಾ. ಹಪ್ಪಳದ ಸೀಸನ್ ಮುಗಿಯುವ ಮೊದಲು ಬೇಕು.